ಮುಂಡರಗಿಯ ಮಾಳಿಗೆ, ಶಿಶುನಾಳದ ಹಾಡು

ದಸರೆ ರಜೆಗೆ ಮೊಮ್ಮಗನನ್ನು ಕರೆದುಕೊಂಡು ಗದಗಿನಲ್ಲಿ ರೈಲು ಇಳಿದೆ. ಎಂಟನೆಯ ತರಗತಿಯ ಹುಡುಗ. ಬೆಂಗಳೂರಿನಿಂದ ಅಲ್ಲಿಯವರೆಗೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದಿದ್ದ. ವೀರನಾರಾಯಣ ಗುಡಿಗೆ ಕರೆದೊಯ್ದು, ಕುಮಾರವ್ಯಾಸ ಒರಗಿ ಕುಳಿತು ಭಾರತ ಬರೆದನೆಂದು ಹೇಳುವ ಕಂಬ ತೋರಿಸಿದೆ. ಬೆಟಗೇರಿಯ ಮಗ್ಗಗಳ ಸಂಗತಿ ಹೇಳಿದೆ. “ಹ್ಞೂಂ” ಎಂದ. ಅಷ್ಟೇ.

ಅಲ್ಲಿಂದ ಮುಂಡರಗಿಯ ಬಸ್ಸು ಹತ್ತಿದೆವು. ಅಲ್ಲಿ ನನ್ನ ಅಕ್ಕ ಒಬ್ಬಳೇ ಇರುತ್ತಾಳೆ, ವಯಸ್ಸು 78. ಮಣ್ಣಿನ ಮಾಳಿಗೆಯ ಹಳೇ ಮನೆ. ಅದನ್ನು ಕೆಡವಿ ಆರ್‌ಸಿಸಿ ಹಾಕಿಸೋಣ ಎಂದು ಅವಳ ಮಕ್ಕಳು, ಬೆಂಗಳೂರಿಗೆ ಬಂದುಬಿಡು ಎಂದು ನಾನು, ಎರಡು ವರ್ಷದಿಂದ ಅವಳ ಬೆನ್ನು ಹತ್ತಿದ್ದೆವು. ಈ ಸಲ ಒಪ್ಪಿಸಿಯೇ ಬರುತ್ತೇನೆಂದು ಎಲ್ಲರಿಗೂ ಹೇಳಿ ಹೊರಟಿದ್ದೆ.

ಅವತ್ತು ರಾತ್ರಿ ಹಿಂಗಾರಿ ಮಳೆ ಹಿಡಿಯಿತು. ಕರೆಂಟು ಹೋಯಿತು. ಪಡಸಾಲೆಯಲ್ಲಿ ಮೊದಲು ಒಂದು ಕಡೆ ತಟಕ್ಕೆಂದಿತು, ಆಮೇಲೆ ಮೂರು ಕಡೆ. ಅಕ್ಕ ಕೊಡ, ಬೋಗುಣಿ, ಪರಾತ ತಂದಿಟ್ಟಳು. “ಈ ವರ್ಷ ಮ್ಯಾಲ ಮಣ್ಣು ಹಾಕ್ಸಿಲ್ಲೋ ತಮ್ಮಾ. ಏರಾಕ ಯಾರದಾರ?” ಎಂದಳು. ನನಗೆ ಮಾತು ತೆಗೆಯಲು ಅದೇ ಸರಿಯಾದ ಹೊತ್ತು. ಬಾಯಿ ತೆರೆಯುವಷ್ಟರಲ್ಲಿ ಹುಡುಗ, “ಅಜ್ಜಾ, ಇದಕ್ಕೇ ಒಂದು ಹಾಡಿದೆ!” ಎಂದು ಇಯರ್‌ಫೋನ್ ಕಿತ್ತು ಮೊಬೈಲನ್ನು ಬೋಗುಣಿಯ ಪಕ್ಕದಲ್ಲಿಟ್ಟ.

‘ಸೋರುತಿಹುದು ಮನಿಯ ಮಾಳಿಗಿ’. ಹಾಡಿದ್ದು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ರಾಕ್ ಬ್ಯಾಂಡು.

ನಮ್ಮ ಕಾಲದವರಿಗೆ ಶರೀಫಜ್ಜನ ಪದ ಎಂದರೆ ಸಿ. ಅಶ್ವತ್ಥ್. 1990ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೆ. ಗಿಟಾರಿನವರು ಇದನ್ನು ಮುಟ್ಟಿದರೆ ಕೆಡಿಸುತ್ತಾರೆ ಎಂದುಕೊಂಡು ಅತ್ತ ಕಿವಿಯನ್ನೇ ಕೊಟ್ಟಿರಲಿಲ್ಲ. ಈ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರಲ್ಲೇ ಇರುವ ‘ಗುಡುಗುಡಿಯ ಸೇದಿ ನೋಡೋ’ ಹಾಡನ್ನು ಮದುವೆ ಮನೆಯ ಹುಡುಗರೂ ಕುಣಿಕುಣಿದು ಹಾಡುತ್ತಾರೆ. ಈ ಮಾಳಿಗೆಯ ಹಾಡನ್ನು ನಮ್ಮ ಬಳಗದಲ್ಲಿ ಒಬ್ಬರೂ ಕೇಳಿರಲಿಲ್ಲ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. 2010ರಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮದಲ್ಲೂ ಈ ಬ್ಯಾಂಡು ಹಾಡಿತಂತೆ. ಇದೆಲ್ಲ ಮೊಮ್ಮಗ ಹೇಳಿದ್ದು. ಬೆಳಗಿನಿಂದ ಅವನು ಆಡಿದ ಮೊದಲ ಉದ್ದ ಮಾತು.

ಕತ್ತಲಲ್ಲಿ ಕೂತು ಪೂರ್ತಿ ಕೇಳಿದೆ. ನನ್ನನ್ನು ಹಿಡಿದದ್ದು ಗಿಟಾರಲ್ಲ, ಒಂದು ಸಣ್ಣ ಸಂಗತಿ. ಮೈಸೂರಿನ ಕಡೆ ಬೆಳೆದವನು ‘ಮನೆ’, ‘ಮಾಳಿಗೆ’ ಎಂದು ತಿದ್ದಿಕೊಳ್ಳದೆ ನಮ್ಮ ಸೀಮೆಯ ‘ಮನಿ’, ‘ಮಾಳಿಗಿ’ಯನ್ನೇ ಇಟ್ಟುಕೊಂಡಿದ್ದಾನೆ. ದನಿಯನ್ನು ಎಲ್ಲಿ ಎತ್ತಿದರೂ ಶಬ್ದವನ್ನು ನುಂಗಿಲ್ಲ.

ಹಾಡು ಮುಗಿದ ಮೇಲೆ ಅಕ್ಕ ಕೇಳಿದಳು: “ಪಾಪ, ಇವನ ಮಾಳಿಗಿನೂ ಸೋರತೈತೇನು?”

ಹುಡುಗ ನಕ್ಕ. ಆಮೇಲೆ ಅಕ್ಕ ಅವನಿಗೆ ಅರ್ಥ ಬಿಡಿಸಿದಳು. ಶರೀಫರು ಹೇಳುವ ಮನೆ ನಮ್ಮ ಈ ದೇಹ, ಸೋರುವುದು ಅಜ್ಞಾನದಿಂದ. ತೊಲೆ ಮುರುಕು, ಜಂತಿ ಹುಳುಕು, ಕತ್ತಲಲ್ಲಿ ಮೇಲೆ ಹತ್ತಿ ಸರಿಮಾಡುವ ಧೈರ್ಯ ತನಗಿಲ್ಲ ಎಂದು ಆ ಸಂತನೇ ಹೇಳಿಕೊಳ್ಳುತ್ತಾನೆ. “ನನ್ನಂಗ” ಎಂದು ಸೇರಿಸಿದಳು. ನಾನು ತೆಗೆಯಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು.

ಮರುದಿನ ಹೊಳವಾಯಿತು. ಹುಡುಗ ಬೆಳಿಗ್ಗೆಯೇ ನಿಚ್ಚಣಿಕೆ ಹಾಕಿ ಮೇಲೆ ಹತ್ತಿದ. ಮಕ್ಕಳೇ, ಮಣ್ಣಿನ ಮಾಳಿಗೆ ಹೇಗಿರುತ್ತದೆ ಎಂದು ನಿಮ್ಮಲ್ಲಿ ಹಲವರು ನೋಡಿರಲಿಕ್ಕಿಲ್ಲ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಇದು ನೆನೆದಾಗ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಸುರಿದ ಮಳೆ ಇಳಿಜಾರಿನಲ್ಲಿ ಹರಿದು ಹರನಾಳಿಗೆಯಿಂದ ಹೊರಗೆ ಬೀಳುತ್ತದೆ. ಬೇಸಿಗೆಯಲ್ಲಿ ಒಳಗೆ ತಣ್ಣಗಿರುತ್ತದೆ. ಆದರೆ ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹರವಿ ತುಳಿಯಬೇಕು. ಒಂದು ವರ್ಷ ಬಿಟ್ಟರೂ ಇರುವೆ ಗೂಡು ಮಾಡುತ್ತದೆ, ನೀರು ದಾರಿ ಹುಡುಕುತ್ತದೆ. ಹಾಗೆಂದು ವರ್ಷ ವರ್ಷ ಹಾಕುತ್ತಲೇ ಹೋದರೆ ತೊಲೆಗೆ ಭಾರ. ಅದೂ ನಿಜವೇ.

ಒಬ್ಬ ಆಳಿನ ಜೊತೆ ಸೇರಿ ಹುಡುಗ ಎಂಟು ಪುಟ್ಟಿ ಸವಳು ಮಣ್ಣು ಹೊತ್ತ. ತುಳಿಯುವಾಗ ಅದೇ ಹಾಡು ಹಾಕಿಕೊಂಡಿದ್ದ. ತಾಳ ನಿಧಾನವಾಯಿತೆಂದು ಆಳು ಗೊಣಗಿದ.

ಅದರ ಮರುದಿನ ಅಕ್ಕನೇ ಶಿಶುನಾಳಕ್ಕೆ ಹೋಗೋಣ ಎಂದಳು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹಿಂದೆ ಬಿಟ್ಟು ಶಿರಹಟ್ಟಿ ಮುಟ್ಟಿದೆವು. ಅಲ್ಲಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ, ಅಂದರೆ ಹಿಂದಿನ ಪುಲಿಗೆರೆಯಲ್ಲಿ, ಸೋಮೇಶ್ವರನಿಗೆ ಕೈಮುಗಿದು ಒಂದು ಟಂಟಂ ಮಾಡಿಕೊಂಡೆವು. ಶಿಶುನಾಳ ಇರುವುದು ಹಾವೇರಿ ಜಿಲ್ಲೆಯಲ್ಲಾದರೂ ನಮ್ಮವರಿಗೆ ಅದು ಪಕ್ಕದ ಊರೇ.

ಶರೀಫರು 1819ರಲ್ಲಿ ಹುಟ್ಟಿದ್ದು ಅಲ್ಲಿ. ಕೆಲಕಾಲ ಶಾಲೆ ಮಾಸ್ತರರಾಗಿದ್ದರು. ನಾನೂ ಮಾಸ್ತರನೇ, ಆದ್ದರಿಂದ ಈ ಮಾತು ಬಿಡಲಾರೆ. ಕಳಸದ ಗೋವಿಂದಭಟ್ಟರು ಅವರ ಗುರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಶರೀಫರು 1889ರಲ್ಲಿ ತೀರಿಕೊಂಡರು.

ಗದ್ದುಗೆಯ ಮುಂದೆ ಅಕ್ಕ ಕಾಯಿ ಒಡೆಸಿದಳು. ಆಮೇಲೆ ಹುಡುಗನ ಕಡೆ ತಿರುಗಿ, “ಹಚ್ಚಲ್ಲ ನಿನ್ನ ಹಾಡು” ಎಂದಳು.

“ಇಲ್ಲಿ ಹಾಕಬಹುದಾ, ಅಜ್ಜಿ?”

“ಅವರ ಪದ ಅವರ ಮುಂದ ಹಚ್ಚಾಕ ಯಾರ ಅಪ್ಪಣಿ ಬೇಕೋ?”

ಸಣ್ಣ ದನಿಯಲ್ಲಿ ಹಾಕಿದ. ಪಕ್ಕದಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರು ತುತ್ತು ನಿಲ್ಲಿಸಿ ನೋಡಿದರು. ಒಬ್ಬಾಕೆ ಪಲ್ಲವಿಗೆ ದನಿಗೂಡಿಸಿದಳು, ಆಮೇಲೆ ಅಕ್ಕನೂ. ಅವರ ಧಾಟಿಯೇ ಬೇರೆ, ಮೊಬೈಲಿನದೇ ಬೇರೆ. ಹುಡುಗ ಮೊಬೈಲು ಆರಿಸಿ ಅವರದನ್ನು ಕೇಳುತ್ತಾ ಕೂತ.

ಬರುವಾಗ ಟಂಟಂನಲ್ಲಿ, “ಅಜ್ಜಿ, ಮುಂದಿನ ವರ್ಷ ಮಣ್ಣು ಯಾವಾಗ ಹಾಕಬೇಕು?” ಎಂದು ಕೇಳಿದ.

“ರೋಹಿಣಿ ಮಳಿಗಿಂತ ಮೊದಲ. ಮೇ ತಿಂಗಳ.”

“ಆಗ ನನಗೆ ರಜೆ.”

ಅಕ್ಕ ನನ್ನ ಮುಖ ನೋಡಿದಳು. ನಾನು ಹೊರಗೆ ನೋಡಿದೆ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು.

“ಲಗೂ ಹೊಡಿಯಪ್ಪಾ,” ಎಂದು ಅಕ್ಕ ಡ್ರೈವರನಿಗೆ ಹೇಳಿದಳು, “ಬೆಳಕಿಂಡಿ ಮುಚ್ಚದ ಬಂದೇನಿ.”