ಬೀರೂರಿನಲ್ಲಿ ಕವಲೊಡೆಯುವ ಹಳಿ, ಬ್ಲೂಸ್‌ನಲ್ಲಿ ಕೂಡುವ ಸ್ವರ

ಕಡೂರು ಬಿಟ್ಟ ರೈಲು ವೇಗ ಹಿಡಿಯುವಷ್ಟರಲ್ಲೇ ಬೀರೂರು ಬಂದುಬಿಡುತ್ತದೆ. ಅಲ್ಲಿ ಹಳಿ ಎರಡಾಗುತ್ತದೆ. ಒಂದು ಅಜ್ಜಂಪುರದ ಬಯಲು ಹಾದು ಚಿಕ್ಕಜಾಜೂರು, ದಾವಣಗೆರೆ, ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗ ಸೇರುತ್ತದೆ. ಒಂದು ಕಡೆ ಬಯಲುಸೀಮೆ, ಇನ್ನೊಂದು ಕಡೆ ಮಲೆನಾಡಿನ ಸೆರಗು. ಎರಡು ಸೀಮೆಗಳು ಒಂದೇ ಪ್ಲಾಟ್‌ಫಾರಂ ಮೇಲೆ ಕೈಕುಲುಕುವ ಜಾಗವಿದು.

ಇಂಥದೇ ಒಂದು ರೈಲು ಕೂಡುದಾರಿಗೂ ಅಮೆರಿಕದ ಬ್ಲೂಸ್ ಸಂಗೀತಕ್ಕೂ ನಂಟಿದೆ. 1903ರ ಸುಮಾರಿಗೆ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಸಂಗೀತಗಾರ ಮಿಸಿಸಿಪಿಯ ಟಟ್‌ವೈಲರ್ ನಿಲ್ದಾಣದಲ್ಲಿ ತಡವಾದ ರೈಲಿಗೆ ಕಾದು ಕುಳಿತಿದ್ದ. ಪಕ್ಕದಲ್ಲಿ ಒಬ್ಬ ಬಡ ಕರಿಯ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ಜಾರಿಸುತ್ತ ಹಾಡುತ್ತಿದ್ದನಂತೆ. ಎರಡು ರೈಲು ಹಳಿಗಳು ಅಡ್ಡಹಾಯುವ ಊರಿನ ಬಗ್ಗೆ ಒಂದೇ ಸಾಲು, ಮೂರು ಬಾರಿ. ಹ್ಯಾಂಡಿ ಅದನ್ನು ಮರೆಯಲಿಲ್ಲ. ಅಂಥ ಹಾಡುಗಳ ಧಾಟಿಯನ್ನು ಕಾಗದಕ್ಕಿಳಿಸಿದ ಆತನ 'ಸೇಂಟ್ ಲೂಯಿಸ್ ಬ್ಲೂಸ್' 1914ರಲ್ಲಿ ಅಚ್ಚಾಯಿತು.

ಬ್ಲೂಸ್‌ನ ಜೀವ ಇರುವುದು ಜಾರುವ ಸ್ವರದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುವ ಸ್ವರ. ಪಿಯಾನೋದ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಗಮಕ ಕಲಿತ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾದೀತು.

ಫ್ರಾನ್ಸಿನ ರಾವೆಲ್ ಇದನ್ನೇ ಚೇಂಬರ್ ಸಂಗೀತಕ್ಕೆ ತಂದ. ಚೇಂಬರ್ ಸಂಗೀತವೆಂದರೆ ಕೆಲವೇ ಮಂದಿ ಒಂದು ಕೋಣೆಯಲ್ಲಿ ಕುಳಿತು ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ನಮ್ಮಲ್ಲಿ ಮನೆಯ ಪಡಸಾಲೆಯಲ್ಲಿ ನಡೆಯುವ ಕಚೇರಿ ಇದ್ದಂತೆ. 1927ರಲ್ಲಿ ಮೊದಲ ಪ್ರದರ್ಶನ ಕಂಡ ಆತನ ಪಿಟೀಲು-ಪಿಯಾನೋ ಸೊನಾಟಾದ ಎರಡನೆಯ ಭಾಗದ ಹೆಸರೇ 'ಬ್ಲೂಸ್'. ಪಿಟೀಲು ಅಲ್ಲಿ ಮೊದಲು ಕಮಾನು ಬಿಟ್ಟು ಬೆರಳಿನಿಂದ ಮೀಟಿಸಿಕೊಂಡು ಬ್ಯಾಂಜೋ ಆಗುತ್ತದೆ, ಆಮೇಲೆ ಜಾರುತ್ತ ಹಾಡುತ್ತದೆ. 1928ರಲ್ಲಿ ಅಮೆರಿಕಕ್ಕೆ ಹೋದ ರಾವೆಲ್, ಜಾಝನ್ನು ಹಗುರವಾಗಿ ಕಾಣಬೇಡಿ ಎಂದು ಅಲ್ಲಿಯವರಿಗೇ ಬುದ್ಧಿ ಹೇಳಿ ಬಂದ. ಮನೆಯ ಸೊತ್ತಿನ ಬೆಲೆಯನ್ನು ಹೊರಗಿನವನು ಬಂದು ಹೇಳಬೇಕಾಯಿತು!

ನಮ್ಮ ಮನೆಯ ಸೊತ್ತು ಯಾವುದು? ತರೀಕೆರೆಯ ಹೆಸರು ಕೇಳಿದರೆ ಸಾಕು, ಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ನಾಲಿಗೆ ತೊಡರಿಸುವ ಮಾತು ಪ್ರತಿಯೊಬ್ಬ ಕನ್ನಡ ಮಗುವಿಗೂ ನೆನಪಾಗುತ್ತದೆ. ಅದನ್ನು ತಾಳ ಹಾಕುತ್ತ ಬೇಗ ಬೇಗ ಹೇಳಿನೋಡಿ. ಅದು ಕೊನ್ನಕ್ಕೋಲಿನ ಮೊದಲ ಪಾಠದಂತೆಯೇ ಇದೆ. ಮೃದಂಗದ ಜತಿಗಳನ್ನು ಬಾಯಲ್ಲೇ ನುಡಿಸುವ ಈ ಕೊನ್ನಕ್ಕೋಲನ್ನು ಜಾಝ್ ಲೋಕಕ್ಕೆ ಕೊಂಡೊಯ್ದವರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮುಖ್ಯವಾದದ್ದು. ಟಿ. ಎ. ಎಸ್. ಮಣಿ 1964ರಲ್ಲಿ ಅದನ್ನು ಕಟ್ಟಿದರು. ಮಣಿ, ಗಾಯಕಿ ಆರ್. ಎ. ರಮಾಮಣಿ ಮತ್ತು ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆ 1983ರಲ್ಲಿ ಹೊರಬಂತು. ಕೆಲವೇ ಜನ, ಅಬ್ಬರವಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುವ ಸಂಗೀತ. ಚೇಂಬರ್ ಸಂಗೀತದ ಗುಣವೂ ಅದೇ ಅಲ್ಲವೇ?

ಈ ಜಿಲ್ಲೆಯ ವೀರಗಾಸೆಯಲ್ಲೂ ಇಂಥ ಸವಾಲು-ಜವಾಬಿದೆ. ಒಡಪು ಹೇಳುವಾಗ ವಾದ್ಯ ಮೌನ. ಒಡಪು ಮುಗಿಯಿತೋ, ಸಂಬಾಳ, ದಿಮ್ಮು ಒಮ್ಮೆಲೇ ಮೊಳಗುತ್ತವೆ. ಆದರೆ ಜಾತ್ರೆಯಲ್ಲಿ ಇದನ್ನು ನೋಡಿ ಕುಣಿಯುವ ಮಗುವನ್ನು ಕಲಿಯಲು ಕಳಿಸುವ ತಂದೆತಾಯಿ ಎಷ್ಟು ಮಂದಿ?

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಹೊಸ ಹೆಸರು ಪಡೆದ ರಾಸುಗಳಿವು. ಮೂಲ ತಳಿ ಉಳಿಸಿಕೊಳ್ಳದೆ ಬರೀ ಮಿಶ್ರತಳಿ ಮಾಡುತ್ತ ಹೋದರೆ ಕೊನೆಗೆ ಬೆರೆಸಲಿಕ್ಕೂ ಏನೂ ಉಳಿಯುವುದಿಲ್ಲ. ಸಂಗೀತಕ್ಕೂ ಈ ಮಾತು ಸಲ್ಲುತ್ತದೆ.

ಕದ್ರಿ ಗೋಪಾಲನಾಥರನ್ನೇ ನೋಡಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು, ಆ ವಿದೇಶಿ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದಾಗ ಅವರು ಜಾಝ್ ಕಲಿತು ಹೋಗಿರಲಿಲ್ಲ, ರಾಗ ಹೊತ್ತು ಹೋಗಿದ್ದರು. ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಧ್ವನಿಮುದ್ರಿಕೆ ಕೇಳಿ ಬೆರಗಾಗಿ, ಮುಂದೆ ಅವರೊಡನೆಯೇ 'ಕಿನ್ಸ್‌ಮನ್' ಎಂಬ ಮುದ್ರಿಕೆ ತಂದದ್ದು 2008ರಲ್ಲಿ. ಗೋಪಾಲನಾಥರು 2019ರಲ್ಲಿ ತೀರಿಕೊಂಡರು.

ಮಗು ಕೀಬೋರ್ಡ್ ಬೇಕೆಂದರೆ ಗದರಬೇಕಿಲ್ಲ, ಸಂಗೀತ ಪಾಠ ಬೇಡವೆಂದರೆ ಹೆದರಬೇಕಿಲ್ಲ. ಒಂದನ್ನು ಆಳವಾಗಿ ಕಲಿಯಲಿ, ಉಳಿದುದಕ್ಕೆ ಕಿವಿ ತೆರೆದಿರಲಿ. ಎಸ್ಸೆಸ್ಸೆಲ್ಸಿ ಬಂತೆಂದು ಪಾಠ ಬಿಡಿಸುವ ಮುನ್ನ ಮಾತ್ರ ಎರಡು ಸಲ ಯೋಚಿಸಿ.

ರಜೆಯಲ್ಲಿ ಹೊರಡುವವರಿಗೆ: ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರದಲ್ಲಿ, ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಸಾಲುಕಂಬಗಳ ನಡುವೆ ಸ್ವಲ್ಪ ಹೊತ್ತು ಕೂರಬಹುದು. ತಾಳ ಹಾಕಲು ಕೈ ಸಾಕು, ಟಿಕೆಟ್ಟು ಬೇಕಿಲ್ಲ.