ಕಾಣದ ವಿದ್ಯಾರ್ಥಿನಿಯ ಪ್ರಶ್ನೆ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಮಹಿಮೆಯನ್ನು ಕನ್ನಡ ನಾಡಿನ ಶ್ರಾವಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿ ಸಹಸ್ರ ವರ್ಷಗಳ ಬಳಿಕವೂ ಮಾಸಿಲ್ಲ. ಆದರೆ ಕೊಟ್ಟ ಜ್ಞಾನವು ಪಡೆಯುವವರನ್ನು ತಲುಪಿತೇ ಎಂದು ವಿಚಾರಿಸುವುದೂ ದಾನಿಯ ಹೊಣೆಯೇ. ಈ ಹೊಣೆಯ ಅರಿವು ಒಬ್ಬ ಅಧ್ಯಾಪಕಿಗೆ ತಡವಾಗಿ, ಒಂದು ತಪ್ಪಿನ ಮೂಲಕ ಉಂಟಾಯಿತು.

ತುಳುನಾಡಿನ ಒಂದು ಪದವಿ ಕಾಲೇಜಿನಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಅರ್ಥಶಾಸ್ತ್ರವನ್ನು ಬೋಧಿಸುತ್ತಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯಿಂದಾಗಿ ತರಗತಿಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಕರಿಹಲಗೆಯ ಮುಂದೆ ಹೇಳುತ್ತಿದ್ದ ಐವತ್ತೈದು ನಿಮಿಷಗಳ ಪಾಠವನ್ನೇ ಅವರು ಹಾಗೆಯೇ ಮೊಬೈಲಿನ ಮುಂದೆ ಕುಳಿತು ಹೇಳಿದರು. ಹಾಜರಿಗೆ ಇಷ್ಟು, ಸಕಾಲದಲ್ಲಿ ಒಪ್ಪಿಸಿದ ಅಸೈನ್‌ಮೆಂಟಿಗೆ ಇಷ್ಟು ಎಂದು ಆಂತರಿಕ ಅಂಕಗಳ ನಿಯಮವನ್ನೂ ಮಾಡಿದರು. ಘಟ್ಟದ ತಪ್ಪಲಿನ ಹಳ್ಳಿಯ ಒಬ್ಬ ವಿದ್ಯಾರ್ಥಿನಿಯ ಹೆಸರು ಒಮ್ಮೊಮ್ಮೆ ಪರದೆಯ ಮೇಲೆ ಮೂಡಿ ಮಾಯವಾಗುತ್ತಿತ್ತು. ಆಕೆಯ ಮೂರು ಅಸೈನ್‌ಮೆಂಟುಗಳು ಗಡುವು ಮೀರಿ, ನಡುರಾತ್ರಿಯಲ್ಲಿ ಬಂದವು. ಅಧ್ಯಾಪಕಿ ತಮ್ಮ ಪುಸ್ತಕದಲ್ಲಿ ‘ಅಶ್ರದ್ಧೆ’ ಎಂದು ಬರೆದು ಅಂಕ ಕಡಿತಗೊಳಿಸಿದರು.

ಆ ಸೆಮಿಸ್ಟರಿನ ಪಾಠಗಳು ಮುಗಿದೊಡನೆ ಅವರು ಆನ್‌ಲೈನ್ ಪಾಠಕ್ರಮವನ್ನು ರೂಪಿಸಿ ಬೋಧಿಸುವ ಅಧ್ಯಾಪಕರ ತರಬೇತಿಯೊಂದಕ್ಕೆ ಸೇರಿದರು. ಕ್ಯಾಮೆರಾ ಹಿಡಿಯುವುದನ್ನೂ ಚಿತ್ರ ಜೋಡಿಸುವುದನ್ನೂ ಕಲಿಸಿಯಾರು ಎಂಬುದು ಅವರ ನಿರೀಕ್ಷೆ. ಮೊದಲ ದಿನ ದೊರೆತುದು ಒಂದು ಪ್ರಶ್ನಾವಳಿ ಮಾತ್ರ. ನಿಮ್ಮ ವಿದ್ಯಾರ್ಥಿ ಯಾವ ಉಪಕರಣದಲ್ಲಿ ಕಲಿಯುತ್ತಾನೆ? ಅದನ್ನು ಮನೆಯಲ್ಲಿ ಎಷ್ಟು ಮಂದಿ ಬಳಸುತ್ತಾರೆ? ಸಿಗ್ನಲ್ ಸಿಗುವುದು ಯಾವ ಹೊತ್ತಿನಲ್ಲಿ? ಈ ವಿಷಯದಲ್ಲಿ ಅವನಿಗೆ ಮೊದಲೇ ತಿಳಿದಿರುವುದೇನು? ಇವಕ್ಕೆ ಉತ್ತರ ಬರೆಯದೆ ಒಂದು ಪಾಠವನ್ನೂ ರಚಿಸುವಂತಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಅನುಭವಿಗೆ ಒಂದು ಸಾಲನ್ನೂ ಬರೆಯಲಾಗಲಿಲ್ಲ. ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಾಗಿ ಕರೆ ಮಾಡತೊಡಗಿದರು.

ಘಟ್ಟದ ತಪ್ಪಲಿನ ಆ ಹುಡುಗಿಯ ಮನೆಯಲ್ಲಿದ್ದುದು ಒಂದೇ ಮೊಬೈಲು. ಹಗಲು ಅದು ತಂದೆಯೊಡನೆ ಕೂಲಿಗೆ ಹೋಗುತ್ತಿತ್ತು. ಸಿಗ್ನಲ್ ಸಿಗುವುದು ಮನೆಯ ಮೇಲಿನ ಗುಡ್ಡದಲ್ಲಿ ಮಾತ್ರ. ರಾತ್ರಿ ತಮ್ಮನು ಟಾರ್ಚ್ ಹಿಡಿದು ನಿಂತರೆ ಅಕ್ಕ ಅಸೈನ್‌ಮೆಂಟ್ ಕಳುಹಿಸುತ್ತಿದ್ದಳು. “ಮೇಡಂ, ಎರಡು ಸಲ ನಿಮ್ಮನ್ನು ಒಂದು ಮಾತು ಕೇಳಬೇಕೆಂದಿದ್ದೆ. ಪಾಠದ ನಡುವೆ ಕೇಳಲು ಎಡೆಯೇ ಸಿಗಲಿಲ್ಲ” ಎಂದಳು.

ಆ ಸಂಜೆ ಅಧ್ಯಾಪಕಿಯ ವೃದ್ಧ ತಂದೆ ನಿತ್ಯದಂತೆ ಸ್ವಾಧ್ಯಾಯಕ್ಕೆ ಕುಳಿತಿದ್ದರು. ಮಗಳ ಮಾತನ್ನು ಪೂರ್ತಿಯಾಗಿ ಕೇಳಿ ಅವರೆಂದರು: “ಮಗಳೇ, ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳಿವೆ. ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ನಿನ್ನ ಪಾಠದಲ್ಲಿ ವಾಚನೆಯಿದೆ. ಪೃಚ್ಛನೆ ಎಲ್ಲಿದೆ?”

ತರಬೇತಿಯ ಮುಂದಿನ ವಾರಗಳಲ್ಲಿ ಆ ಐದು ಅಂಗಗಳೇ ಅವರಿಗೆ ದಾರಿದೀಪವಾದವು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ವ್ಯವಸ್ಥೆಯಲ್ಲಿ ಪ್ರತಿಯೊಂದು ಪಾಠಕ್ರಮಕ್ಕೂ ನಾಲ್ಕು ಭಾಗಗಳುಂಟು: ವೀಡಿಯೋ ಪಾಠ, ಓದುವ ಸಾಮಗ್ರಿ, ಚರ್ಚೆ, ಸ್ವಪರೀಕ್ಷೆ. ಮುಂಬಯಿಯ ಐಐಟಿಯ ವಿದ್ವಾಂಸರು ರೂಪಿಸಿದ ಕಲಿಯುವವರ ಕೇಂದ್ರಿತ ಮಾದರಿಯಲ್ಲಿ ವೀಡಿಯೋ ನಡುವೆಯೇ ನಿಂತು, ನೋಡುವವರನ್ನು ಪ್ರಶ್ನಿಸಿ, ಯೋಚಿಸಲು ಬಿಡುತ್ತದೆ. ಹಾಗೆ ನಿಂತು ಚಿಂತಿಸುವುದು ಅನುಪ್ರೇಕ್ಷೆಗೆ ಸಮೀಪವಾದುದು. ಉತ್ತರ ತಪ್ಪಾದರೆ ಕಾರಣವನ್ನು ತಿಳಿದು ಮತ್ತೆ ಮಾಡುವ ಅಭ್ಯಾಸ ಆಮ್ನಾಯಕ್ಕೆ. ಸಹಪಾಠಿಗೆ ವಿವರಿಸುವುದು ಉಪದೇಶಕ್ಕೆ. ಅಧ್ಯಾಪಕಿ ತಮ್ಮ ದೀರ್ಘ ಪಾಠವನ್ನು ಎಂಟು ನಿಮಿಷಗಳ ತುಂಡುಗಳಾಗಿ ಒಡೆದರು. ವೀಡಿಯೋ ತೆರೆಯದವರಿಗಾಗಿ ಎರಡು ಪುಟಗಳ ಬರಹವನ್ನಿಟ್ಟರು. ಗಡುವಿಗೆ ಒಂದು ದಿನದ ಬದಲು ಒಂದು ವಾರ ಕೊಟ್ಟರು.

ಆದರೆ ಕಡಿತಗೊಂಡ ಅಂಕಗಳು ಹಾಗೆಯೇ ಇದ್ದವು. ಪಟ್ಟಿ ಕಾಲೇಜಿನ ಕಚೇರಿಗೆ ಸೇರಿತ್ತು. ವಿಶ್ವವಿದ್ಯಾಲಯಕ್ಕೆ ಇನ್ನೂ ಹೋಗಿರಲಿಲ್ಲ. ತಿದ್ದಬೇಕಾದರೆ ತಮ್ಮ ಮೌಲ್ಯಮಾಪನ ತಪ್ಪೆಂದು ಬರೆದುಕೊಡಬೇಕಿತ್ತು. “ಒಬ್ಬಳಿಗೆ ತಿದ್ದಿದರೆ ಎಲ್ಲರೂ ಬಂದಾರು ಮೇಡಂ” ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. “ಬರಲಿ” ಎಂದರು ಅವರು. ಆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಪಾಠ ಬಾಯಲ್ಲಿ ಸಾಗಿತೇ ಹೊರತು ಮನಸ್ಸು ನಿಲ್ಲಲಿಲ್ಲ. ತಿದ್ದಬಹುದಾದ ದೋಷವನ್ನು ತಿದ್ದದೆ ಅದನ್ನು ಮಿಥ್ಯೆಯಾಗಲೆಂದು ಬೇಡುವುದರಲ್ಲಿ ಅರ್ಥವೇನು? ಮರುದಿನ ಅವರು ಎಲ್ಲ ಅಸೈನ್‌ಮೆಂಟುಗಳನ್ನೂ ತೆರೆದು, ಬಂದ ವೇಳೆಯನ್ನು ಬಿಟ್ಟು ಬರೆದುದನ್ನು ಮಾತ್ರ ನೋಡಿದರು. ಅನ್ಯಾಯವಾದುದು ಒಬ್ಬಳಿಗಲ್ಲ, ಏಳು ಮಂದಿಗೆ. ಪ್ರಾಂಶುಪಾಲರಿಗೆ ಪತ್ರ ಬರೆದು ಏಳು ಹೆಸರುಗಳ ಮುಂದಿನ ಅಂಕಗಳನ್ನು ತಿದ್ದಿಸಿದರು.

ಆ ವರ್ಷದ ಕ್ಷಮಾವಣಿಯ ದಿನ ಅವರು ಹುಡುಗಿಗೆ ಕರೆ ಮಾಡಿ ಕ್ಷಮೆ ಬೇಡಿದರು. ಆಕೆ ಸಂಕೋಚದಿಂದ ಮಾತು ಬದಲಿಸಿ, ಅಂದು ಕೇಳದೆ ಉಳಿದುದನ್ನು ಕೇಳಿದಳು: “ಮೇಡಂ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದಿರಿ. ಅಕ್ಕಿಯ ಬೆಲೆ ಏರಿದಾಗ ನಮ್ಮ ಮನೆಯಲ್ಲಿ ಅಕ್ಕಿ ಅಷ್ಟೇ ತರುತ್ತಾರೆ. ಎಣ್ಣೆಯನ್ನು ಕಡಿಮೆ ಮಾಡುತ್ತಾರೆ. ಅದೇಕೆ?” ಬೇಡಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಯಾವ ಪುಸ್ತಕದಲ್ಲಿದ್ದೀತು? ಅವರ ಹೊಸ ಪಾಠಕ್ರಮದ ಮೊದಲ ಪ್ರಶ್ನೆ ಅದೇ ಆಯಿತು.

ವ್ಯಾಧಿಯ ಕಾಲ ಕಳೆದರೂ ಈ ವಿಷಯ ಮುಗಿದಿಲ್ಲ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡ 40ರವರೆಗೆ ‘ಸ್ವಯಂ’ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಗಳು ಅವಕಾಶ ಕೊಟ್ಟಿವೆ. ಧಾರ್ಮಿಕ ಪಾಠಶಾಲೆಗಳೂ ಪರದೆಯ ಮೂಲಕ ಮಕ್ಕಳನ್ನು ತಲುಪಬಯಸುತ್ತವೆ. ಬಸದಿಗಳ ಟ್ರಸ್ಟುಗಳು ಕ್ಯಾಮೆರಾ ಕೊಳ್ಳುವ ಮೊದಲು ಅಧ್ಯಾಪಕರ ತರಬೇತಿಗೆ ಧನವಿನಿಯೋಗ ಮಾಡುವುದು ಉಚಿತ. ಸಂಜೆಯ ಹೊತ್ತು ಇಂಟರ್‌ನೆಟ್ ಇರುವ ಒಂದು ಕೋಣೆಯನ್ನು ಜಾತಿಭೇದವಿಲ್ಲದೆ ವಿದ್ಯಾರ್ಥಿಗಳಿಗೆ ತೆರೆದಿಟ್ಟರೆ ಅದೂ ಶಾಸ್ತ್ರದಾನವೇ. ಗುಡ್ಡದ ಮೇಲೆ ಟಾರ್ಚ್ ಹಿಡಿದು ನಿಲ್ಲುವ ತಮ್ಮಂದಿರು ಇನ್ನೂ ಇರಬಹುದು.