ಎತ್ತಿಗಿದ್ದ ಸೋಮವಾರ

ಬೆಂಗಳೂರಿನ ಅಂಚಿನ ನಮ್ಮೂರು ಬೊಮ್ಮಸಂದ್ರದಲ್ಲಿ ಸೋಮವಾರ ಯಾರೂ ಆರು ಕಟ್ಟುತ್ತಿರಲಿಲ್ಲ. ಅದು ಬಸವನ ವಾರ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಇದೇ ರೂಢಿ. ಮಳೆ ಹದವಾಗಿ ಬಿದ್ದು, ಇವತ್ತು ಬಿಟ್ಟರೆ ನೆಲ ಗಟ್ಟಿಯಾದೀತು ಎನ್ನುವಂತಿದ್ದರೂ ಎತ್ತಿನ ಹೆಗಲಿಗೆ ನೊಗ ಏರಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಏರಿಸಿದವನಿಗೆ ದಂಡವೇನೂ ಇರಲಿಲ್ಲ. ಅರಳಿಕಟ್ಟೆ ದಾಟುವಾಗ, ‘ಏನಣ್ಣೋ, ಬಸವಣ್ಣನ್ನ ಕೇಳ್ಕಂಡು ಹೊರಟ್ಯಾ?’ ಎಂಬ ಒಂದು ಮಾತು ಸಾಕಿತ್ತು.

ಎತ್ತಿಗೆ ಬಿಡುವೆಂದರೆ ನಮ್ಮ ತಾತನಿಗೂ ಬಿಡುವು. ಬೆಳಿಗ್ಗೆ ಕೆರೆಗೆ ಹೊಡೆದುಕೊಂಡು ಹೋಗಿ ಎತ್ತುಗಳ ಮೈ ತಿಕ್ಕಿ, ಕೊಂಬಿಗೆ ಎಣ್ಣೆ ಸವರಿದರೆ ಅವರ ಕೆಲಸ ಮುಗಿಯಿತು. ಮಧ್ಯಾಹ್ನ ಕಟ್ಟೆಯ ಚಪ್ಪಡಿಯಲ್ಲಿ ಗೀರಿದ್ದ ಹುಲಿ-ಕುರಿ ಆಟ. ಸೋತವನು ಎಲೆಯಡಿಕೆ ಕೊಡಿಸಬೇಕು. ಆಡದವರು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಾ ಎರಡೂ ಕಡೆಯವರಿಗೆ ತಪ್ಪು ಸಲಹೆ ಕೊಡುತ್ತಿದ್ದರು.

ಅಜ್ಜಿಗೆ ಮಾತ್ರ ಸೋಮವಾರ ಇರಲಿಲ್ಲ. ಎತ್ತಿಗೆ ಸಿಕ್ಕ ರಜೆ ಒಲೆಗೆ ಸಿಗಲಿಲ್ಲವಲ್ಲ! ಅವರ ಬಿಡುವೆಂದರೆ ಇಳಿಹೊತ್ತಿನಲ್ಲಿ ಅಕ್ಕಪಕ್ಕದ ಹೆಂಗಸರೊಡನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುವುದು. ಅದೂ ಕೆಲಸವೇ. ಆದರೆ ಕಾಯಿಗಿಂತ ಹೆಚ್ಚಾಗಿ ಊರಿನ ಸುದ್ದಿ ಸುಲಿಯುತ್ತಿದ್ದುದರಿಂದ ಅವರಿಗೆ ದಣಿವು ತಿಳಿಯುತ್ತಿರಲಿಲ್ಲ.

ಆಮೇಲೆ ಹೊಸೂರು ರಸ್ತೆಯ ಅಂಚಿನ ರಾಗಿ ಹೊಲಗಳು ಕೈಗಾರಿಕಾ ಪ್ರದೇಶಕ್ಕೆ ಹೋದವು. ಹೊಲ ಹೋದದ್ದಕ್ಕೆ ಕಾಗದಪತ್ರ ಇದೆ. ಎತ್ತು ಮಾರಿದ ದಿನ ತಾತ ಉಣ್ಣಲಿಲ್ಲ ಎಂಬುದು ಮನೆಯವರಿಗೆಲ್ಲ ನೆನಪಿದೆ. ಸೋಮವಾರ ಹೋದದ್ದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಅದಕ್ಕೆ ಪರಿಹಾರ ಕೊಡಿ ಎಂದು ಯಾರೂ ಅರ್ಜಿ ಹಾಕಲಿಲ್ಲ.

ರಜೆ ಈಗಲೂ ಇದೆ, ಕಾನೂನಿನಲ್ಲೇ ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆ ಭಾನುವಾರವನ್ನು ವಾರದ ರಜೆ ಎನ್ನುತ್ತಿತ್ತು. ಆ ದಿನ ದುಡಿಸಿಕೊಂಡರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಬದಲಿ ರಜೆ ಕೊಡಬೇಕಿತ್ತು. ನಮ್ಮ ಮನೆ ಈಗ ನಡೆಯುತ್ತಿರುವುದು ಅಂಥ ಬದಲಿಯ ಮೇಲೆಯೇ. ಅಣ್ಣನ ಮಗನಿಗೆ ಮಂಗಳವಾರ ವೀಕ್ ಆಫ್, ಅವನ ಹೆಂಡತಿಗೆ ಶುಕ್ರವಾರ, ಮಕ್ಕಳಿಗೆ ಭಾನುವಾರ. ‘ಮಿಕ್ಸಿ ಹಾಕ್ಬೇಡಿ, ನೈಟ್ ಶಿಫ್ಟ್ ಮುಗಿಸಿ ಮಲಗವ್ನೆ’ ಎಂಬ ಪಿಸುಮಾತು ನಮ್ಮ ಮನೆಯ ಸುಪ್ರಭಾತ. ನಮ್ಮ ಬಾಡಿಗೆ ಕೋಣೆಯಲ್ಲಿರುವ ಒಡಿಶಾದ ಹುಡುಗರಂತೂ ಒಂದೇ ಹಾಸಿಗೆಯನ್ನು ಶಿಫ್ಟ್ ಪ್ರಕಾರ ಹಂಚಿಕೊಂಡಿದ್ದಾರೆ. ಒಬ್ಬ ಏಳದೆ ಇನ್ನೊಬ್ಬನಿಗೆ ನಿದ್ದೆಯಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಯಲು ದಾರಿ ಮಾಡಿತು. ಬಿಸಿಲೇರಿದೊಡನೆ ಎತ್ತುಗಳ ಕೊರಳು ಬಿಚ್ಚುತ್ತಿದ್ದ ತಾತನಿಗೆ ಈ ಲೆಕ್ಕ ಹೇಳಿದ್ದರೆ, ‘ಎತ್ತು ಯಾವ ಜಾತೀದು?’ ಎಂದು ಕೇಳುತ್ತಿದ್ದರೇನೋ.

2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೂ ಬರುತ್ತಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ಕಳೆದುಹೋಗುತ್ತಿದ್ದ ಹೊತ್ತು ಉಳಿಯುತ್ತದೆ ಎಂದು ಹುಡುಗರು ಖುಷಿಪಟ್ಟರು. ಉಳಿದದ್ದು ಓವರ್‌ಟೈಮಿಗೆ ಹೋಯಿತು.

ಎಲ್ಲರೂ ಒಟ್ಟಿಗೆ ಸಿಗುವುದು ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ. ಸುತ್ತಲ ಹಳ್ಳಿಗಳಿಂದ ಮುಗಿಲೆತ್ತರದ ಕುರ್ಜು ತೇರುಗಳು ಹೊರಡುತ್ತವೆ. ಅದಕ್ಕೂ ಅಣ್ಣನ ಮಗ ತಿಂಗಳ ಮುಂಚೆಯೇ ರಜೆ ಬರೆದುಕೊಡಬೇಕು, ಕಾರಣದ ಸಮೇತ.

ನಮ್ಮ ಮನೆಯ ಎಲ್ಲರ ರಜೆಗಳನ್ನೂ ಕೂಡಿಸಿದರೆ ತಾತನ ಸೋಮವಾರಗಳಿಗಿಂತ ಹೆಚ್ಚೇ ಆಗುತ್ತವೆ. ಆದರೂ ಅವು ಬರಿಯ ನಿದ್ದೆಯಲ್ಲಿ ಮುಗಿಯುತ್ತವೆ. ಒಬ್ಬನೇ ಕೂತು ಹುಲಿ-ಕುರಿ ಆಡಲು ಬರುವುದಿಲ್ಲ. ದಣಿವನ್ನು ಒಬ್ಬೊಬ್ಬರೇ ನೀಗಿಕೊಳ್ಳಬಹುದು. ಬಿಡುವಿಗೆ ಎದುರಿಗೊಬ್ಬರು ಬೇಕು, ಅವರಿಗೂ ಅಂದೇ ಸೋಮವಾರವಾಗಿರಬೇಕು.